ಮಂಗನ ಹೆಸರಿನ ಮೂರು ಕಾಯಿಲೆ, ಕೊಳೆಯ ಹೆಸರಿನ ಎರಡು ರೋಗ

ಓದುಗರ ಪ್ರಶ್ನೆಗೆ ಗ್ರಂಥಪಾಲಕಿಯ ಉತ್ತರ

ಒಂದೇ ಹೆಸರಿನ ಎರಡು ಸಂಗತಿಗಳನ್ನು ಬೇರೆ ಮಾಡುವುದು, ಎರಡು ಹೆಸರಿನ ಒಂದೇ ಸಂಗತಿಯನ್ನು ಒಟ್ಟಿಗೆ ತರುವುದು: ಗ್ರಂಥಾಲಯದ ಕೆಲಸದಲ್ಲಿ ಅರ್ಧಪಾಲು ಇದೇ ಎಂದು ಹೋದ ಸಂಚಿಕೆಯಲ್ಲಿ ಬರೆದಿದ್ದೆ. ಅದನ್ನು ಓದಿ ಬಂದ ಪತ್ರಗಳಿಗೆ ಈ ಸಲದ ಪುಟಗಳು ಮೀಸಲು. ಶಿವಮೊಗ್ಗದ ಕಾಲೇಜೊಂದರ ಗ್ರಂಥಾಲಯದಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿದ ಅನುಭವದಿಂದ ಉತ್ತರಿಸುತ್ತಿದ್ದೇನೆ.

ಪ್ರಶ್ನೆ: ಮೇಡಂ, ನಾನು ಸಾಗರ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಮೇಲ್ವಿಚಾರಕಿ. ಪತ್ರಿಕೆಗಳ ಒಳ್ಳೆಯ ವರದಿಗಳನ್ನು ಕತ್ತರಿಸಿ ವಿಷಯವಾರು ಲಕೋಟೆಗಳಲ್ಲಿ ಇಡುತ್ತಿದ್ದೇನೆ. ‘ಮಂಗ’ ಎಂದು ಬರೆದ ಲಕೋಟೆಯಲ್ಲಿ ಮಂಗನ ಕಾಯಿಲೆ, ಮಂಗನ ಬಾವು, ಮಂಗನ ಸಿಡುಬು, ತೋಟಕ್ಕೆ ಮಂಗನ ಹಾವಳಿ ಎಲ್ಲವೂ ಸೇರಿಹೋಗಿವೆ. ಇವನ್ನು ಬೇರೆ ಮಾಡಲು ಹೊಸ ಹೆಸರು ಕೊಡಬೇಕೋ, ನಂಬರ್ ಕೊಡಬೇಕೋ?
– ಸಾಗರ ತಾಲ್ಲೂಕಿನ ಓದುಗರು

ಉತ್ತರ: ಲಕೋಟೆಯನ್ನು ಮೇಜಿನ ಮೇಲೆ ಸುರಿದುಕೊಳ್ಳಿ. ಹೆಸರೋ ನಂಬರೋ ಎಂಬುದು ಆಮೇಲಿನ ಮಾತು. ಒಂದೊಂದೇ ತುಣುಕನ್ನು ಕೈಗೆತ್ತಿಕೊಂಡು, ತಲೆಬರಹವನ್ನು ಬೆರಳಿನಿಂದ ಮುಚ್ಚಿ, ಒಳಗಿನ ವರದಿಯನ್ನು ಓದಿ, ‘ಇದು ಯಾವುದರ ಸುದ್ದಿ?’ ಎಂದು ಕೇಳಿಕೊಳ್ಳಿ.

ಮಂಗನ ಕಾಯಿಲೆ ನಮ್ಮ ಜಿಲ್ಲೆಯದೇ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಸುತ್ತಲಿನ ಹಳ್ಳಿಗಳಲ್ಲಿ ಜನ ಜ್ವರ ಬಂದು ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಪರೀಕ್ಷಿಸಿದಾಗ ಅದುವರೆಗೆ ಯಾರೂ ಕಾಣದ ವೈರಸ್ ಸಿಕ್ಕಿತು. ಅದನ್ನು ಹರಡುವುದು ಉಣುಗು. ಮಂಗ ಈ ಕಾಯಿಲೆಯನ್ನು ತಂದದ್ದಲ್ಲ, ನಮ್ಮ ಹಾಗೆಯೇ ಅದರಿಂದ ಸಾಯುವ ಪ್ರಾಣಿ. ಹೆಸರಿನ ದೆಸೆಯಿಂದ ಆ ಮೂಕಪ್ರಾಣಿಯ ಮೇಲೆ ಅಪವಾದ ಬಂದಿರುವುದು ನನಗೆ ಇಂದಿಗೂ ಸಂಕಟದ ಸಂಗತಿ. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಅಂತರರಾಷ್ಟ್ರೀಯ ವರ್ಗೀಕರಣದ ಹತ್ತನೇ ಆವೃತ್ತಿಯಲ್ಲಿ ಇದರ ಸಂಕೇತ ಎ98.2. ನಾವು ಮಂಗನ ಕಾಯಿಲೆ ಎನ್ನುತ್ತೇವೆ, ವೈದ್ಯರು ಕೆ.ಎಫ್.ಡಿ. ಎನ್ನುತ್ತಾರೆ, ಪುಸ್ತಕಗಳಲ್ಲಿ ಕ್ಯಾಸನೂರು ಕಾಡಿನ ಕಾಯಿಲೆ ಎಂದಿರುತ್ತದೆ. ಹೆಸರು ಮೂರು, ಕಾಯಿಲೆ ಒಂದೇ.

ಮಂಗನ ಬಾವಿನಲ್ಲಿ ಮಂಗನ ಸುಳಿವೇ ಇಲ್ಲ. ಮನುಷ್ಯರಿಂದ ಮನುಷ್ಯರಿಗೆ ಹರಡುವ, ಕಿವಿಯ ಕೆಳಗಿನ ಜೊಲ್ಲಿನ ಗ್ರಂಥಿ ಊದುವ ಕಾಯಿಲೆ ಅದು. ಕೆನ್ನೆ ಊದಿದ ಮಗುವಿನ ಮುಖ ಬಾಯಲ್ಲಿ ಹಣ್ಣು ತುಂಬಿಕೊಂಡ ಮಂಗನ ಮುಖದಂತೆ ಕಾಣುತ್ತದೆ, ಅದಕ್ಕೇ ಆ ಹೆಸರು ಎಂದು ನಮ್ಮ ಅಜ್ಜಿ ಹೇಳುತ್ತಿದ್ದರು. ಅದರ ಸಂಕೇತ ಬಿ26.

ಮಂಗನ ಸಿಡುಬಿಗೆ ಆ ಹೆಸರು ಬಂದದ್ದು 1958ರಲ್ಲಿ, ಡೆನ್ಮಾರ್ಕ್‌ನ ಕೋಪನ್‌ಹೇಗನ್‌ನ ಪ್ರಯೋಗಾಲಯದಲ್ಲಿದ್ದ ಮಂಗಗಳಲ್ಲಿ ಮೊದಲು ಕಾಣಿಸಿಕೊಂಡದ್ದರಿಂದ. ಕ್ಯಾಸನೂರಿನ ಮರುವರ್ಷವೇ ಇದು ನಡೆಯಿತು ಎಂಬುದಷ್ಟೇ ಎರಡಕ್ಕೂ ಇರುವ ನಂಟು. ಹತ್ತನೇ ಆವೃತ್ತಿಯಲ್ಲಿ ಅದು ಬಿ04. 2022ರ ನವೆಂಬರ್ 28ರಂದು ವಿಶ್ವ ಆರೋಗ್ಯ ಸಂಸ್ಥೆ ಅದರ ಇಂಗ್ಲಿಷ್ ಹೆಸರಿನಿಂದ ಮಂಗನನ್ನು ಬಿಡಿಸಿ ‘ಎಂಪಾಕ್ಸ್’ ಎಂದು ಕರೆಯಿತು. ಒಂದು ವರ್ಷ ಹಳೆಯ ಹೆಸರೂ ಹೊಸ ಹೆಸರೂ ಜೊತೆಯಲ್ಲೇ ನಡೆಯಲಿ ಎಂದೂ ಹೇಳಿತು. ಊರು, ಪ್ರಾಣಿ, ಜನಾಂಗಗಳ ಹೆಸರನ್ನು ಹೊಸ ಕಾಯಿಲೆಗಳಿಗೆ ಇಡಬಾರದು ಎಂಬ ಸಲಹೆಯನ್ನು ಅದು 2015ರಲ್ಲೇ ಕೊಟ್ಟಿತ್ತು. ಆದ್ದರಿಂದ ನಿಮ್ಮ ತುಣುಕುಗಳಲ್ಲಿ ಹಳೆಯವು ಒಂದು ಹೆಸರಿನಲ್ಲಿ, ಹೊಸವು ಇನ್ನೊಂದು ಹೆಸರಿನಲ್ಲಿ ಇರಬಹುದು. ಎರಡೂ ಒಂದೇ ಲಕೋಟೆಗೆ ಸೇರಬೇಕು.

ನಾನೇ ಮಾಡಿದ ಒಂದು ತಪ್ಪನ್ನು ಹೇಳುತ್ತೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಸೊರಬದ ಕಡೆಯ ಒಬ್ಬ ವಿದ್ಯಾರ್ಥಿ ಮಂಗನ ಕಾಯಿಲೆಯ ಹಳೆಯ ವರದಿಗಳನ್ನು ಕೇಳಿಕೊಂಡು ಬಂದಿದ್ದ. ‘ಮಂಗ’ ಲಕೋಟೆಯನ್ನು ಕೊಟ್ಟೆ. ಅವನು ಎರಡು ದಿನ ಕುಳಿತು ಬಾವಿನ ಸುದ್ದಿಗಳ ನಡುವೆ ತನಗೆ ಬೇಕಾದ ನಾಲ್ಕು ತುಣುಕುಗಳನ್ನು ಹುಡುಕಿಕೊಂಡು ಊರಿಗೆ ಹೋದ. ಎರಡು ತಿಂಗಳ ಮೇಲೆ ಊರುಗಳ ಡ್ರಾಯರನ್ನು ಒರೆಸುವಾಗ ‘ಕ್ಯಾಸನೂರು’ ಎಂಬ ದಪ್ಪ ಲಕೋಟೆ ಕೈಗೆ ಬಂತು. ಅವನಿಗೆ ಬೇಕಾದದ್ದೆಲ್ಲ ಅದರೊಳಗಿತ್ತು. ಅಂಚೆಯಲ್ಲಿ ಕಳಿಸಿದೆ, ಆದರೆ ಅವನ ಪ್ರಬಂಧ ಆಗಲೇ ಮುಗಿದಿತ್ತು. ಬೇಡದ್ದು ಬಂದದ್ದು ಮೊದಲ ತಪ್ಪು, ಬೇಕಾದದ್ದು ಬಾರದೇ ಹೋದದ್ದು ಎರಡನೆಯದು. ಎರಡನೆಯದು ಕಣ್ಣಿಗೆ ಬೀಳುವುದಿಲ್ಲ, ಹಾಗಾಗಿ ಅದೇ ಹೆಚ್ಚು ಕೆಟ್ಟದ್ದು.

ಈಗ ಕೆಲಸಕ್ಕೆ ಬರೋಣ. ಮೂರು ಕಾಯಿಲೆಗೆ ಮೂರು ಲಕೋಟೆ ಮಾಡಿ. ಹೆಸರು ಜನರ ಬಾಯಲ್ಲಿರುವುದೇ ಇರಲಿ. ಪಕ್ಕದಲ್ಲಿ ಆವರಣ ಹಾಕಿ ಒಂದು ಗುರುತು ಸೇರಿಸಿ: ‘ಮಂಗನ ಕಾಯಿಲೆ (ಉಣುಗಿನಿಂದ ಹರಡುವ ಜ್ವರ)’, ‘ಮಂಗನ ಬಾವು (ಕೆನ್ನೆ ಊತ)’. ಲಕೋಟೆಯ ಮೇಲೆ ಏನು ಸೇರುತ್ತದೆ, ಏನು ಸೇರುವುದಿಲ್ಲ ಎಂದು ಒಂದು ಸಾಲು ಬರೆಯಿರಿ. ನಾಳೆ ನಿಮ್ಮ ಜಾಗಕ್ಕೆ ಬರುವವರಿಗೆ ಆ ಸಾಲೇ ದಾರಿ. ಉಳಿದ ಹೆಸರುಗಳಿಗೆ ತೆಳ್ಳನೆಯ ರಟ್ಟಿನ ಚೀಟಿ ಸಾಕು: ‘ಕೆ.ಎಫ್.ಡಿ. – ನೋಡಿ: ಮಂಗನ ಕಾಯಿಲೆ’, ‘ಎಂಪಾಕ್ಸ್ – ನೋಡಿ: ಮಂಗನ ಸಿಡುಬು’. ತೋಟದ ಹಾವಳಿಯ ಸುದ್ದಿ ಮಂಗನ ಜೊತೆಗಲ್ಲ, ಹಂದಿ, ಕಾಡುಕೋಣ, ಆನೆಗಳ ಜೊತೆಗೆ ‘ಕಾಡುಪ್ರಾಣಿಗಳಿಂದ ಬೆಳೆಹಾನಿ’ ಲಕೋಟೆಗೆ ಹೋಗಲಿ. ಅದನ್ನು ಹುಡುಕಿಕೊಂಡು ಬರುವವರು ಬೆಳೆಗಾರರು, ರೋಗಿಗಳಲ್ಲ.

ಇಷ್ಟಾದ ಮೇಲೆ ನಂಬರ್ ಕೊಡಿ. 1, 2, 3 ಎಂದು ಸಾಲಾಗಿ ಬಂದ ನಂಬರೇ ಒಳ್ಳೆಯದು. ಊರಿನ ಮೊದಲಕ್ಷರ, ಇಸವಿ ಎಂದೆಲ್ಲ ನಂಬರಿನೊಳಗೆ ಅರ್ಥ ತುಂಬಬೇಡಿ. ಅರ್ಥ ಬದಲಾಗುತ್ತದೆ, ನಂಬರ್ ಬದಲಾಗಬಾರದು. 2014ರ ನವೆಂಬರ್ 1ರಂದು ನಮ್ಮ ಊರಿನ ಇಂಗ್ಲಿಷ್ ಹೆಸರು ‘ಶಿಮೊಗ’ ಹೋಗಿ ‘ಶಿವಮೊಗ್ಗ’ ಆಯಿತು. ಆದರೆ ಟೌನ್ ರೈಲು ನಿಲ್ದಾಣದ ಸಂಕೇತ ಇಂದಿಗೂ ಎಸ್‌ಎಂಇಟಿ. ಅದನ್ನು ಹಳೆಯ ಹೆಸರಿನ ತುಂಡು ಎಂದು ಓದುವವರಿಗೆ ಅದು ಹಳತಾಗಿ ಕಾಣುತ್ತದೆ. ಟಿಕೆಟ್ ಕೊಡುವ ಯಂತ್ರಕ್ಕೆ ಅದು ಒಂದು ನಿಲ್ದಾಣದ ಗುರುತು, ಅಷ್ಟೇ. ದಿನಾಂಕ, ಊರು ಬೇಕಾದರೆ ತುಣುಕಿನ ಮೇಲೆಯೇ ಬರೆಯಿರಿ. ಎಸ್. ಆರ್. ರಂಗನಾಥನ್ ಅವರು 1933ರಲ್ಲಿ ಪ್ರಕಟಿಸಿದ, ಪುಸ್ತಕಗಳನ್ನು ವಿಷಯವಾರು ವಿಂಗಡಿಸುವ ದ್ವಿಬಿಂದು ವರ್ಗೀಕರಣದಲ್ಲಿ ಸ್ಥಳವನ್ನೂ ಕಾಲವನ್ನೂ ವಿಷಯದ ಬೇರೆ ಬೇರೆ ಮುಖಗಳೆಂದು ಬಿಡಿಸಿ ಇಟ್ಟರು. ಗಣಿತದ ಅಧ್ಯಾಪಕರಾಗಿದ್ದ ಅವರು ಗ್ರಂಥಪಾಲಕರಾದದ್ದು, ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದದ್ದು ನಮ್ಮ ಭಾಗ್ಯ.

ಇನ್ನೊಂದು ಎಚ್ಚರಿಕೆ. ವೈದ್ಯಕೀಯ ಸಂಕೇತ ಬರೆದುಕೊಳ್ಳುವುದಾದರೆ ಯಾವ ಪಟ್ಟಿಯದು ಎಂದೂ ಬರೆಯಿರಿ. 2022ರ ಜನವರಿ 1ರಿಂದ ಹನ್ನೊಂದನೇ ಆವೃತ್ತಿ ಜಾರಿಗೆ ಬಂದಿದೆ. ಅದರಲ್ಲಿ ಎಂಪಾಕ್ಸ್‌ನ ಸಂಕೇತ 1ಇ71. ಪಟ್ಟಿಯ ಹೆಸರಿಲ್ಲದ ಸಂಖ್ಯೆ, ಊರಿನ ಹೆಸರಿಲ್ಲದ ಮನೆ ನಂಬರಿನಂತೆ.

ಪ್ರಶ್ನೆ: ನಮ್ಮದು ಕೊಪ್ಪ ತಾಲ್ಲೂಕು. ಮೂರು ಎಕರೆ ಅಡಿಕೆ, ಸ್ವಲ್ಪ ಕಾಫಿ. ಅಡಿಕೆಯ ಕೊಳೆರೋಗದ ಬಗ್ಗೆ ಹುಡುಕಿದರೆ ಕಾಫಿ ಎಲೆ ಕಪ್ಪಾಗುವ ವಿಷಯ ಬರುತ್ತದೆ. ಎರಡೂ ಒಂದೇ ರೋಗವೇ? ಒಂದೇ ಅಲ್ಲದಿದ್ದರೆ ಹೆಸರು ಒಂದೇ ಏಕೆ?
– ಕೊಪ್ಪ ತಾಲ್ಲೂಕಿನ ಬೆಳೆಗಾರರು

ಉತ್ತರ: ಒಂದೇ ಅಲ್ಲ. ಆದರೆ ಈ ಹೆಸರಿನ ಕತೆ ಕೇಳಿದರೆ ನಿಮಗೆ ಹೆಮ್ಮೆಯಾದೀತು.

ಕೊಳೆಯುತ್ತದೆ, ಆದ್ದರಿಂದ ಕೊಳೆರೋಗ. ತೋಟದಲ್ಲಿ ನಿಂತವರು ಕಣ್ಣಿಗೆ ಕಂಡದ್ದಕ್ಕೆ ಕೊಟ್ಟ ಹೆಸರು ಇದು. ಮಳೆಗಾಲದಲ್ಲಿ ಅಡಿಕೆಯ ಎಳೆಕಾಯಿ ಕೊಳೆತು ಉದುರಿದರೂ ಕೊಳೆ, ಕಾಫಿಯ ಎಲೆ ಕಪ್ಪಾಗಿ ಕೊಳೆತು ನೂಲಿನಲ್ಲಿ ನೇತುಬಿದ್ದಂತೆ ಜೋತಾಡಿದರೂ ಕೊಳೆ. ಮೈಸೂರು ಸೀಮೆಯ ಕಾಫಿಯ ಈ ರೋಗವನ್ನು ಇಂಗ್ಲೆಂಡಿನ ಶಿಲೀಂಧ್ರ ವಿಜ್ಞಾನಿ ಎಂ. ಸಿ. ಕುಕ್ 1876ರಲ್ಲಿ ವಿವರಿಸಿದಾಗ, ಅದಕ್ಕೆ ಇಟ್ಟ ಶಾಸ್ತ್ರೀಯ ಹೆಸರು ‘ಪೆಲ್ಲಿಕ್ಯುಲೇರಿಯ ಕೊಳೆರೋಗ’. ನಮ್ಮ ತೋಟದ ಮಾತು ಹಾಗೆಯೇ ಲ್ಯಾಟಿನ್ ಹೆಸರಿನ ಸಾಲಿಗೆ ಸೇರಿತು. ಮುಂದೆ ಆ ಶಿಲೀಂಧ್ರವನ್ನು ವಿಜ್ಞಾನಿಗಳು ಕಾರ್ಟಿಸಿಯಂ ಎಂಬ ಕುಲಕ್ಕೆ ಸೇರಿಸಿದರು, ಆಗಲೂ ಕೊಳೆರೋಗ ಎಂಬ ಮಾತು ಉಳಿಯಿತು. ಆಮೇಲೆ ‘ಕೊಳೆರೋಗ ನಾಕ್ಸಿಯ’ ಎಂದಾಯಿತು. ಕನ್ನಡದ ಪದ ಕುಲದ ಹೆಸರೇ ಆಯಿತು.

ಅಡಿಕೆಯ ಕೊಳೆಯನ್ನು ಅಧ್ಯಯನ ಮಾಡಿದವರು ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್. 1910ರಲ್ಲಿ ಅವರು ಅದನ್ನು ವಿವರಿಸಿ ಬರೆದರು. ಅದಕ್ಕೆ ಕಾರಣ ಫೈಟಾಫ್ತೊರ ಎಂಬ ಕುಲದ ಜೀವಿ. ಆಲೂಗಡ್ಡೆಯ ಅಂಗಮಾರಿಗೆ ಕಾರಣವಾಗುವುದೂ ಅದೇ ಕುಲದ ಇನ್ನೊಂದು ಪ್ರಭೇದ. ಇದು ನಿಜವಾದ ಶಿಲೀಂಧ್ರವೂ ಅಲ್ಲ, ವಂಶದಲ್ಲಿ ಪಾಚಿಗಳಿಗೆ ಹತ್ತಿರ. ಕಾಫಿಯ ಕೊಳೆಗೂ ಅಡಿಕೆಯ ಕೊಳೆಗೂ ಅಷ್ಟು ದೂರ.

ನಿಮ್ಮ ಹುಡುಕಾಟ ತಪ್ಪಿದ್ದು ಇಲ್ಲಿಯೇ. ಎರಡಕ್ಕೂ ಬೋರ್ಡೋ ದ್ರಾವಣವನ್ನೇ ಹೇಳುವುದರಿಂದ ಗೊಂದಲ ಇನ್ನೂ ಹೆಚ್ಚುತ್ತದೆ. ಶೇಕಡಾ 1ರ ದ್ರಾವಣ ಎಂದರೆ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಔಷಧಿ ಒಂದೇ ಎಂದ ಮಾತ್ರಕ್ಕೆ ರೋಗ ಒಂದೇ ಆಗುವುದಿಲ್ಲ. ಹೊಡೆಯುವ ಹೊತ್ತು ಬೇರೆ, ಹೊಡೆಯುವ ಜಾಗ ಬೇರೆ: ಅಡಿಕೆಯಲ್ಲಿ ಗೊನೆಗೆ, ಕಾಫಿಯಲ್ಲಿ ಎಲೆಗೆ. ಹುಡುಕುವಾಗ ಬೆಳೆಯ ಹೆಸರನ್ನು ಬಿಡಬೇಡಿ, ‘ಅಡಿಕೆ ಕೊಳೆರೋಗ’ ಎಂದೇ ಬರೆಯಿರಿ. ಇಂಗ್ಲಿಷ್ ಪುಸ್ತಕ ನೋಡುವುದಾದರೆ ಅಡಿಕೆಗೆ ಕಾಯಿಕೊಳೆ ಎಂಬರ್ಥದ ಹೆಸರನ್ನೂ ಕಾಫಿಗೆ ಕಪ್ಪುಕೊಳೆ ಎಂಬರ್ಥದ ಹೆಸರನ್ನೂ ಬಳಸುತ್ತಾರೆ, ಅಲ್ಲಿ ಬೆರೆಯುವ ಭಯ ಕಡಿಮೆ.

ಶಾಸ್ತ್ರೀಯ ಹೆಸರನ್ನು ಹಿಡಿದರೆ ಎಲ್ಲ ಸರಿಹೋಗುತ್ತದೆ ಎಂದು ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಮೇಲೆ ನೋಡಿದಿರಲ್ಲ, ಅದೂ ಬದಲಾಗುತ್ತದೆ. ಇತ್ತೀಚೆಗೆ ಶಾಲೆಗಳ ಮುಂದೆ ಸಾಲಾಗಿ ನೆಡುವ ಉದ್ದನೆಯ ‘ಅಶೋಕ’ ಮರದ ಹೆಸರೂ ಪಾಲಿಯಾಲ್ತಿಯದಿಂದ ಮೊನೂನ್ ಆಯಿತು. ಕೆಂಪು ಹೂವಿನ ನಿಜವಾದ ಅಶೋಕ ಸರಾಕ ಎಂಬ ಬೇರೆಯೇ ಮರ. ಅದಕ್ಕೇ ಸಸ್ಯಗಳ ದತ್ತಾಂಶ ಇಡುವವರು ಹೆಸರಿನ ಹಿಂದೆ ಒಂದು ಸಂಖ್ಯೆ ಇಟ್ಟು, ಹಳೆಯ ಹೆಸರು ಹೊಸ ಹೆಸರು ಎರಡನ್ನೂ ಅದಕ್ಕೆ ಕಟ್ಟುತ್ತಾರೆ.

ಪ್ರಶ್ನೆ: ನಾನು ಭದ್ರಾವತಿಯವನು, ಸಾಫ್ಟ್‌ವೇರ್ ಕೆಲಸ. ಗೆಳೆಯರು ಸೇರಿ ಮಲೆನಾಡಿನ ನೋಡತಕ್ಕ ಜಾಗಗಳ ದತ್ತಾಂಶ ಸಿದ್ಧಪಡಿಸುತ್ತಿದ್ದೇವೆ. ಪ್ರತಿ ಜಾಗದ ಬಗ್ಗೆ ಇರುವ ಒಂದು ಜಾಲಪುಟದ ವಿಳಾಸವನ್ನೇ ಆ ಜಾಗದ ಗುರುತಾಗಿ ಬಳಸಿದರೆ ಸಾಲದೇ?
– ಭದ್ರಾವತಿಯ ಓದುಗರು

ಉತ್ತರ: ಸಾಲದು. ಜೋಗವನ್ನೇ ತೆಗೆದುಕೊಳ್ಳಿ. ಜಲಪಾತದ ಎತ್ತರ 253 ಮೀಟರ್. ಅದರ ಬಗ್ಗೆ ಒಂದು ಪುಟವನ್ನು ಯಾರೋ 2019ರಲ್ಲಿ ಬರೆದರು ಎಂದುಕೊಳ್ಳಿ. ಪುಟದ ವಿಳಾಸವೇ ಗುರುತಾದರೆ ಆ ಒಂದೇ ಗುರುತಿಗೆ ‘ಎತ್ತರ 253 ಮೀಟರ್’ ಎಂಬುದೂ ‘ರಚನೆಯಾದದ್ದು 2019’ ಎಂಬುದೂ ಅಂಟಿಕೊಳ್ಳುತ್ತವೆ. ಮನುಷ್ಯರು ಬಿಡಿಸಿ ಓದುತ್ತಾರೆ. ಯಂತ್ರ ಶರಾವತಿ 2019ರಲ್ಲಿ ಧುಮುಕತೊಡಗಿತು ಎಂದು ತಿಳಿಯುತ್ತದೆ.

ಈ ತೊಡಕನ್ನು ಬಹಳ ಹಿಂದೆಯೇ ಯೋಚಿಸಿದವರಿದ್ದಾರೆ. ಟಾಪಿಕ್ ಮ್ಯಾಪ್ಸ್ ಎಂಬ ಅಂತರರಾಷ್ಟ್ರೀಯ ಮಾನಕ, ಐಎಸ್‌ಒ/ಐಇಸಿ 13250, ವಿಳಾಸದ ಎರಡು ಬಳಕೆಗಳನ್ನು ಬೇರೆ ಮಾಡಿತು. ನಾನು ಮಾತನಾಡುತ್ತಿರುವುದು ಆ ಪುಟದ ಬಗ್ಗೆಯೇ ಎಂಬುದು ಒಂದು ಬಳಕೆ. ಪುಟವನ್ನು ಓದಿದರೆ ನಾನು ಯಾವುದರ ಬಗ್ಗೆ ಮಾತನಾಡುತ್ತಿದ್ದೇನೆ ಎಂದು ತಿಳಿಯುತ್ತದೆ ಎಂಬುದು ಇನ್ನೊಂದು. ಎರಡನೆಯದರಲ್ಲಿ ಪುಟ ಕೈಕಂಬ ಮಾತ್ರ. ತಾಳಗುಪ್ಪದ ರಸ್ತೆಯಲ್ಲಿ ಜೋಗಕ್ಕೆ ಎಂದು ಬಾಣ ತೋರಿಸುವ ಫಲಕವನ್ನು ಯಾರೂ ಜೋಗ ಎಂದುಕೊಳ್ಳುವುದಿಲ್ಲ. ನಿಮ್ಮ ದತ್ತಾಂಶದಲ್ಲೂ ಯಾವುದು ಫಲಕ, ಯಾವುದು ಜಲಪಾತ ಎಂದು ಮೊದಲ ದಿನವೇ ಬೇರೆ ಮಾಡಿ. ಆಮೇಲೆ ಮಾಡುವುದು ಬಹಳ ಕಷ್ಟ.

ಹೆಸರಿನ ವಿಷಯಕ್ಕೆ 2009ರಲ್ಲಿ ಜಾಲದ ಮಾನಕಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆ ಶಿಫಾರಸು ಮಾಡಿದ ಸ್ಕೋಸ್ ಎಂಬ ವಿಧಾನ ಇದೆ. ಅದರ ನಿಯಮ ನನಗೆ ಪ್ರಿಯವಾದದ್ದು: ಒಂದು ಪರಿಕಲ್ಪನೆಗೆ ಒಂದು ಭಾಷೆಯಲ್ಲಿ ಮುಖ್ಯ ಹೆಸರು ಒಂದೇ, ಇತರ ಹೆಸರುಗಳು ಎಷ್ಟಾದರೂ ಇರಬಹುದು. ಮುಖ್ಯ ಹೆಸರು ‘ಜೋಗ ಜಲಪಾತ’ ಆಗಲಿ. ‘ಜೋಗದ ಗುಂಡಿ’ ಇತರ ಹೆಸರು. ಹಳೆಯ ಇಂಗ್ಲಿಷ್ ಪುಸ್ತಕಗಳಲ್ಲಿ ಇದನ್ನು ಗೇರುಸೊಪ್ಪೆ ಜಲಪಾತ ಎಂದು ಕರೆದಿದ್ದಾರೆ, ಅದೂ ಬರಲಿ. ಆದರೆ ಗೇರುಸೊಪ್ಪೆ ಎಂಬ ಊರು ನದಿಯ ಕೆಳಗೆ, ಹೊನ್ನಾವರ ತಾಲ್ಲೂಕಿನಲ್ಲಿದೆ. ಅದಕ್ಕೆ ಬೇರೆ ಗುರುತು ಬೇಕು. ರಾಜ, ರಾಣಿ, ರೋರರ್, ರಾಕೆಟ್ ಎಂಬ ನಾಲ್ಕು ಧಾರೆಗಳು ಜೋಗದ ಬೇರೆ ಹೆಸರುಗಳಲ್ಲ, ಜೋಗದ ಭಾಗಗಳು. ಅವನ್ನು ಇತರ ಹೆಸರುಗಳ ಸಾಲಿಗೆ ಹಾಕಿದರೆ ರಾಣಿಯ ಚಿತ್ರ ಕೇಳಿದವರಿಗೆ ಇಡೀ ಜೋಗ ಬರುತ್ತದೆ.

ಎಲ್ಲರಿಗೂ ತೆರೆದಿರುವ ದತ್ತಾಂಶ ಭಂಡಾರ ವಿಕಿಡೇಟಾ 2012ರಿಂದ ಪ್ರತಿ ಸಂಗತಿಗೂ ಕ್ಯೂ ಅಕ್ಷರದಿಂದ ಆರಂಭವಾಗುವ ಸಂಖ್ಯೆ ಕೊಡುತ್ತಾ ಬಂದಿದೆ. ನಿಮ್ಮದೇ ಸಂಖ್ಯೆಯನ್ನು ಇಟ್ಟುಕೊಂಡು ಪಕ್ಕದಲ್ಲಿ ಅದನ್ನೂ ಬರೆಯಿರಿ. ಬೇರೆಯವರ ದತ್ತಾಂಶದೊಂದಿಗೆ ಕೂಡುವಾಗ ಉಪಯೋಗಕ್ಕೆ ಬರುತ್ತದೆ. ಒಂದೇ ಜಾಗಕ್ಕೆ ತಪ್ಪಿ ಎರಡು ಸಂಖ್ಯೆ ಕೊಟ್ಟಿದ್ದರೆ ಒಂದನ್ನು ಉಳಿಸಿ, ಇನ್ನೊಂದು ಅದರ ಕಡೆಗೆ ಕೈತೋರುವಂತೆ ಮಾಡಿ. ತೆಗೆದ ಸಂಖ್ಯೆಯನ್ನು ಎಂದಿಗೂ ಬೇರೊಂದು ಜಾಗಕ್ಕೆ ಕೊಡಬೇಡಿ. ಯಾರ ಟಿಪ್ಪಣಿಯಲ್ಲಿ, ಯಾರ ನಕ್ಷೆಯಲ್ಲಿ ಅದು ಇನ್ನೂ ಉಳಿದಿದೆಯೋ ನಮಗೆ ಕಾಣುವುದಿಲ್ಲ.

ಪ್ರಶ್ನೆ: ಶಂಕರಘಟ್ಟದಲ್ಲಿ ಸಂಶೋಧನೆ ಮಾಡುತ್ತಿದ್ದೇನೆ. ನನ್ನ ಹೆಸರು, ಇನಿಷಿಯಲ್ ಎರಡೂ ಇನ್ನೊಬ್ಬ ಸಂಶೋಧಕಿಯದೇ ಆಗಿವೆ. ನನ್ನ ಲೇಖನಗಳು ಅವರ ಹೆಸರಿಗೆ ಸೇರುತ್ತಿವೆ. ಹೆಸರು ಬದಲಿಸಿಕೊಳ್ಳಬೇಕೇ?
– ಶಂಕರಘಟ್ಟದ ಓದುಗರು

ಉತ್ತರ: ಬೇಡ. ಅಪ್ಪ ಅಮ್ಮ ಇಟ್ಟ ಹೆಸರನ್ನು ಕಂಪ್ಯೂಟರಿನ ಅನುಕೂಲಕ್ಕಾಗಿ ಬಿಡಬೇಕಾಗಿಲ್ಲ. 2012ರಿಂದ ಸಂಶೋಧಕರಿಗೆ ಗುರುತು ಕೊಡುವ ಆರ್ಕಿಡ್ ಎಂಬ ವ್ಯವಸ್ಥೆ ಇದೆ. ಉಚಿತವಾಗಿ ನೋಂದಾಯಿಸಿಕೊಂಡರೆ ಹದಿನಾರು ಸ್ಥಾನಗಳ ಗುರುತು ಸಿಗುತ್ತದೆ. ಮುಂದೆ ಕಳಿಸುವ ಪ್ರತಿ ಲೇಖನದಲ್ಲೂ ಅದನ್ನು ಕೊಡಿ, ಹಿಂದಿನ ಲೇಖನಗಳನ್ನೂ ಅದರಡಿ ಸೇರಿಸಿ. ಮದುವೆಯ ನಂತರ ಹೆಸರು ಬದಲಾದರೂ ಗುರುತು ಅದೇ ಇರುತ್ತದೆ. ಎಷ್ಟೋ ಹೆಣ್ಣುಮಕ್ಕಳ ಕೆಲಸ ತವರಿನ ಹೆಸರಿನಲ್ಲಿ ಅರ್ಧ, ಗಂಡನ ಮನೆಯ ಹೆಸರಿನಲ್ಲಿ ಅರ್ಧ ಆಗಿ ಹರಿದುಹೋದದ್ದನ್ನು ನಾನು ಕಾರ್ಡುಗಳಲ್ಲಿ ಕಂಡಿದ್ದೇನೆ. ಅದು ನಿಮಗೆ ಆಗಬಾರದು.

ನಿಮ್ಮ ವಿಶ್ವವಿದ್ಯಾಲಯ ಯಾರ ಹೆಸರಿನಲ್ಲಿದೆಯೋ ಅವರದ್ದೂ ಗ್ರಂಥಾಲಯದಲ್ಲಿ ಇದೇ ಕತೆ. ‘ಕುವೆಂಪು’, ‘ಪುಟ್ಟಪ್ಪ, ಕೆ. ವಿ.’, ‘ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ’ ಎಂದು ನಾನು ಸೇರಿದಾಗ ಮೂರು ಕಡೆ ಕಾರ್ಡುಗಳಿದ್ದವು. ಪುಸ್ತಕಗಳ ಮೇಲೆ ಅವರೇ ಇಟ್ಟುಕೊಂಡ ಹೆಸರನ್ನು ಮುಖ್ಯವಾಗಿಸಿ, ‘ಕುವೆಂಪು, 1904–1994’ ಎಂದು ಬರೆದು, ಉಳಿದೆರಡರಿಂದ ‘ನೋಡಿ’ ಚೀಟಿ ಹಾಕಿದೆವು. ಹುಟ್ಟಿದ ವರ್ಷ ಸೇರಿಸುವುದು ಅದೇ ಹೆಸರಿನ ಬೇರೆಯವರು ಬಂದಾಗ ಬೆರೆಯದಿರಲಿ ಎಂದು.

ಪ್ರಶ್ನೆ: ನಮ್ಮ ಅತ್ತೆ ಒಂದೆಲಗವನ್ನೇ ಬ್ರಾಹ್ಮಿ ಎನ್ನುತ್ತಾರೆ. ಪೇಟೆಯಿಂದ ತಂದ ಬ್ರಾಹ್ಮಿ ಪುಡಿಯ ಡಬ್ಬಿಯ ಮೇಲೆ ಬೇರೆಯೇ ಗಿಡದ ಚಿತ್ರ ಇದೆ. ಯಾರು ಸರಿ?
– ಹೊಸನಗರದ ಗೃಹಿಣಿ

ಉತ್ತರ: ಇಬ್ಬರೂ ಸರಿ. ಮಲೆನಾಡಿನಲ್ಲಿ ಒಂದೆಲಗಕ್ಕೆ ಬ್ರಾಹ್ಮಿ ಎನ್ನುವುದು ಹಳೆಯ ರೂಢಿ. ಅದರ ಶಾಸ್ತ್ರೀಯ ಹೆಸರು ಸೆಂಟೆಲ್ಲ ಏಷಿಯಾಟಿಕ, ಸಂಸ್ಕೃತದಲ್ಲಿ ಮಂಡೂಕಪರ್ಣಿ. ಡಬ್ಬಿಯಲ್ಲಿರುವುದು ಬಹುಶಃ ನೀರುಬ್ರಾಹ್ಮಿ, ಬಕೋಪ ಮೊನ್ನಿಯೇರಿ. ಡಬ್ಬಿಯ ಹಿಂದೆ ಸಣ್ಣ ಅಕ್ಷರಗಳಲ್ಲಿ ಬರೆದಿರುತ್ತದೆ, ಓದಿ ನೋಡಿ. ಔಷಧಿಯಾಗಿ ತೆಗೆದುಕೊಳ್ಳುವುದಾದರೆ ವೈದ್ಯರು ಯಾವ ಬ್ರಾಹ್ಮಿ ಹೇಳಿದರು ಎಂದು ಕೇಳಿಕೊಂಡೇ ತೆಗೆದುಕೊಳ್ಳಿ.

ಗಿಡ ನೋಡಿದರೆ ಗುರುತು ಸುಲಭ. ನೀರುಬ್ರಾಹ್ಮಿಯ ಎಲೆ ಚಿಕ್ಕದು, ದಪ್ಪ, ಉದ್ದುದ್ದ. ಒಂದೇ ಗೆಣ್ಣಿನಲ್ಲಿ ಎದುರುಬದುರಾಗಿ ಎರಡೆರಡು, ಬಿಳಿ ಅಥವಾ ತಿಳಿನೇರಳೆ ಹೂವು. ಒಂದೆಲಗ ನೆಲದ ಮೇಲೆ ಹಬ್ಬುತ್ತದೆ, ಉದ್ದನೆಯ ತೊಟ್ಟಿನ ತುದಿಗೆ ಕಿವಿಯಾಕಾರದ ಒಂದೇ ಎಲೆ. ತಂಬುಳಿಗೆ ಅದೇ ಬೇಕು. ಅಂಗಳದ ಒದ್ದೆ ಜಾಗದಿಂದ ಒಂದು ಹಿಡಿ ಎಲೆ ಕಿತ್ತು, ಬೇರಿನ ಮಣ್ಣು ಹೋಗುವಂತೆ ತೊಳೆದು, ಜೀರಿಗೆ, ಕಾಳುಮೆಣಸು, ತೆಂಗಿನಕಾಯಿ ಜೊತೆ ರುಬ್ಬಿ ಮಜ್ಜಿಗೆಗೆ ಸೇರಿಸಿ. ಯಾವ ಎಲೆ ಎಂದು ಅನುಮಾನ ಬಂದರೆ ಅತ್ತೆಯವರನ್ನು ಕರೆದು ತೋರಿಸಿ.